ಸಂಕಟದಲ್ಲಿ ಮಂಡಿಯೂರಿದ ಸಂತ ಜೋಸೆಫ್ ವಾಜ್



ಈ ಗುಡ್ಡ ಹತ್ತಿ ಬರುವವರಲ್ಲಿ ಮನಸ್ಸು ಹಗುರವಾಗಿ ಬರುವವರು ಕಡಿಮೆ. ಒಬ್ಬರಿಗೆ ಮಗನ ಕಾಯಿಲೆ, ಒಬ್ಬರಿಗೆ ಸಾಲ, ಇನ್ನೊಬ್ಬರಿಗೆ ಮನೆಯೊಳಗಿನ ಮನಸ್ತಾಪ. ಆಫೀಸಿನ ಕಿಟಕಿಯಲ್ಲಿ ಪೂಜೆಗೆ ಹೆಸರು ಬರೆಸುವಾಗ ಕೆಲವರು ಕೇಳುವುದುಂಟು, ಇಷ್ಟು ಪ್ರಾರ್ಥಿಸಿದರೂ ಕಷ್ಟ ಯಾಕೆ ಹೋಗ್ಲಿಲ್ಲ ಅಂತ. ಅದಕ್ಕೆ ಉತ್ತರ ಹೇಳುವಷ್ಟು ದೊಡ್ಡವರು ನಾವಲ್ಲ. ಆದರೆ ನಮ್ಮ ಕರಾವಳಿಯಲ್ಲೇ ನಡೆದಾಡಿದ ಒಬ್ಬ ಸಂತರ ಬದುಕು ನೋಡಿದರೆ ದಾರಿ ಕಾಣುತ್ತದೆ.

ಜೋಸೆಫ್ ವಾಜರು 1651ರ ಏಪ್ರಿಲ್ 21ರಂದು ಗೋವಾದ ಬೆನಾವ್ಲಿಯಲ್ಲಿ ಹುಟ್ಟಿದರು. ಮನೆಮಾತು ಕೊಂಕಣಿ. 1676ರಲ್ಲಿ ಗುರುದೀಕ್ಷೆ ಆಯ್ತು. ಮರುವರ್ಷ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಬರೆದು ಒಪ್ಪಿಸಿಕೊಂಡರು.

1681ರಲ್ಲಿ ನಮ್ಮ ಕೆನರಾ ಸೀಮೆಗೆ ಬಂದರು. ಆಗ ಇಲ್ಲಿ ಪೋರ್ಚುಗೀಸರ ಕಡೆಯ ಗುರುಗಳಿಗೂ ರೋಮ್ ನೇರವಾಗಿ ನೇಮಿಸಿದ ಬಿಷಪರಿಗೂ ಅಧಿಕಾರದ ವ್ಯಾಜ್ಯ. ಯಾರ ಮಾತು ಕೇಳಬೇಕೆಂದು ತಿಳಿಯದೆ ಜನ ಕಂಗಾಲಾಗಿದ್ದರು. ವಾಜರು ಜಗಳ ಬೆಳೆಸಲಿಲ್ಲ. ಮಂಗಳೂರು, ಬಸ್ರೂರು, ಗಂಗೊಳ್ಳಿ, ಕುಂದಾಪುರದ ಕಡೆಗಳಲ್ಲಿ ಸುತ್ತಾಡಿ ಜನರನ್ನು ಪ್ರಾರ್ಥನೆಗೆ ಕೂಡಿಸಿದರು. ಕುಂದಾಪುರದಲ್ಲಿ ಶಿಲುಬೆಯ ಮುಂದೆ ಮೈಮರೆತು ಪ್ರಾರ್ಥಿಸುವಾಗ ಅವರು ನೆಲದಿಂದ ಮೇಲೇರಿದ್ದನ್ನು ಕಂಡವರಿದ್ದರು ಎಂಬ ಮಾತು ಇಂದಿಗೂ ಉಂಟು. ಮಂಗಳೂರು ಬಳಿಯ ಮುಡಿಪು ಗುಡ್ಡದಲ್ಲಿ ಕೊಲ್ಲಲೆಂದು ಕರೆದೊಯ್ದವರ ನಡುವೆಯೇ ಮಂಡಿಯೂರಿದರಂತೆ. ಮಂಡಿ ಮತ್ತು ಊರುಗೋಲು ತಾಗಿದ ಜಾಗದಲ್ಲಿ ನೀರು ಉಕ್ಕಿತೆಂದು ಭಕ್ತರ ನಂಬಿಕೆ.

1684ರಲ್ಲಿ ಗೋವಾಕ್ಕೆ ಮರಳಿ, ಮುಂದಿನ ವರ್ಷ ಓರೆಟರಿ ಸಂಘ ಸೇರಿದರು. ಆಗ ಸಿಲೋನಿನಲ್ಲಿ ಡಚ್ಚರು ಕಥೋಲಿಕ ಗುರುಗಳಿಗೆ ನಿಷೇಧ ಹಾಕಿದ್ದರು. ಅಲ್ಲಿನ ಕ್ರೈಸ್ತರಿಗೆ ಪೂಜೆಯಿಲ್ಲ, ಪಾಪನಿವೇದನೆಯಿಲ್ಲ. 1687ರಲ್ಲಿ ವಾಜರು ಕೂಲಿಯಾಳಿನ ವೇಷದಲ್ಲಿ ಅಲ್ಲಿ ಇಳಿದರು. ಇಳಿದ ಕೂಡಲೇ ರಕ್ತಭೇದಿ ಹಿಡಿದು ಸಾಯುವ ಸ್ಥಿತಿ. ಗುಣವಾದ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಮುಖ ಅರಳುತ್ತದೋ ಅದೇ ಕ್ರೈಸ್ತರ ಮನೆಯೆಂದು ಗುರುತು!

1692ರಲ್ಲಿ ಕ್ಯಾಂಡಿ ರಾಜ್ಯದಲ್ಲಿ ಪೋರ್ಚುಗೀಸರ ಗೂಢಚಾರನೆಂದು ಹಿಡಿದು ಸೆರೆಯಲ್ಲಿಟ್ಟರು. ಅವರೂ ಪ್ರಾರ್ಥಿಸಿದರು. ಬಿಡುಗಡೆ ಕೂಡಲೇ ಸಿಗಲಿಲ್ಲ. ಆದರೆ ಸುಮ್ಮನೆ ಕೂರಲಿಲ್ಲ. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಮುಂದೆ ಬರಗಾಲ ಬಂದಾಗ ರಾಜನು ಮಳೆಗಾಗಿ ಪ್ರಾರ್ಥಿಸಲು ಕೇಳಿಕೊಂಡ. ಬಯಲಿನಲ್ಲಿ ಪೀಠವಿಟ್ಟು, ಶಿಲುಬೆ ನಿಲ್ಲಿಸಿ ಪ್ರಾರ್ಥಿಸಿದಾಗ ಮಳೆ ಸುರಿಯಿತೆಂದು ಅವರ ಚರಿತ್ರೆ ಹೇಳುತ್ತದೆ. ಆಮೇಲೆ ಧರ್ಮಸೇವೆಗೆ ರಾಜನ ಅಡ್ಡಿಯಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ 1697ರ ಸಿಡುಬು. ಹೆದರಿಕೆಯಿಂದ ಜನ ತಮ್ಮವರನ್ನೇ ಕಾಡಲ್ಲಿ ಬಿಟ್ಟು ಓಡಿದರು, ರಾಜನೂ ಊರು ಬಿಟ್ಟ. ವಾಜರು ಓಡಲಿಲ್ಲ. ಗುಡಿಸಲು ಕಟ್ಟಿಸಿ, ರೋಗಿಗಳಿಗೆ ಉಣ್ಣಿಸಿ, ಹುಣ್ಣು ತೊಳೆದು, ಸತ್ತವರನ್ನು ಮಣ್ಣುಮಾಡಿದರು. ಜಾತಿ ಮತ ಕೇಳಲಿಲ್ಲ. ಪ್ರಾರ್ಥನೆ ಸಿಡುಬನ್ನು ಒಂದೇ ದಿನದಲ್ಲಿ ಓಡಿಸಲಿಲ್ಲ, ಆದರೆ ಸಿಡುಬಿನ ಹತ್ತಿರ ಹೋಗುವ ಧೈರ್ಯ ಕೊಟ್ಟಿತು.

1711ರ ಜನವರಿ 16ರಂದು ಕ್ಯಾಂಡಿಯಲ್ಲಿ ದೇವರಲ್ಲಿ ಲೀನರಾದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಯಾತ್ರಿಕರೇ, ಮೊಂಬತ್ತಿ ಹಚ್ಚಿ ಕೂಡಲೇ ಗುಡ್ಡ ಇಳಿಯಬೇಡಿ. ಸ್ವಲ್ಪ ಹೊತ್ತು ಮೌನವಾಗಿ ಮಂಡಿಯೂರಿ. ನಿಮ್ಮ ಕಷ್ಟ ಹೇಳಿ ಮುಗಿದ ಮೇಲೆ, ನಿಮಗಿಂತ ಹೆಚ್ಚು ಕಷ್ಟದಲ್ಲಿರುವ ಒಬ್ಬರ ಹೆಸರನ್ನೂ ಹೇಳಿ. ಮನೆಗೆ ಹೋದ ಮೇಲೆ ಅವರನ್ನು ಕಂಡು ಬನ್ನಿ. ಕಷ್ಟ ಹೋಗುವ ಮುಂಚೆಯೇ ಪ್ರಾರ್ಥನೆ ಕೆಲಸ ಮಾಡಲು ಶುರುವಾಗಿರುತ್ತದೆ.

ಸಂತ ಜೋಸೆಫ್ ವಾಜರ ಪ್ರಾರ್ಥನೆಯ ನೆರವು ನಿಮ್ಮ ಮನೆಮಂದಿಗೆಲ್ಲ ಇರಲಿ.