ಬೇಡದ ಕೆಲಸ ಬಿಡಿಸಿದ ಜಾನ್ ಕಾಕ್

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾವು ನಾಲ್ವರು. ಊರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಅಡಿಕೆ ತೋಟ ಇರಲಿ, ಮೆಕ್ಕೆಜೋಳದ ಹೊಲ ಇರಲಿ, ಎಲ್ಲರ ಮನೆಯಲ್ಲೂ ಪ್ರಶ್ನೆ ಒಂದೇ: ಕರೆಂಟ್ ಯಾವಾಗ ಬರುತ್ತೆ? ರಾತ್ರಿ ತ್ರೀ ಫೇಸ್ ಬಂದಾಗ ಮೋಟಾರನ್ನು ಮನೆಯಿಂದಲೇ ಆನ್ ಮಾಡೋಕೆ ನಮ್ಮ ಅಪ್ಪಂದಿರು ಈಗ ಮೊಬೈಲ್ ಬಳಸ್ತಾರೆ. ಆ ಹೊತ್ತಿಗೆ ಚಾರ್ಜ್ ಇಲ್ಲದಿದ್ದರೆ ಕತ್ತಲಲ್ಲಿ ತೋಟಕ್ಕೆ ನಡೆಯಬೇಕು. ಆ ಚಾರ್ಜ್ ರಾತ್ರಿವರೆಗೂ ಉಳಿಯೋದರಲ್ಲಿ ಜಾನ್ ಕಾಕ್ ಅವರ ಪಾಲೂ ಇದೆ ಅಂತ ನಮಗೆ ಗೊತ್ತಾಗಿದ್ದು ಈ ಸೆಮಿಸ್ಟರಿನಲ್ಲಿ.

ಕಾಕ್ ಹುಟ್ಟಿದ್ದು 1925ರಲ್ಲಿ, ಅಮೆರಿಕದ ಉತ್ತರ ಕೆರೊಲಿನಾದಲ್ಲಿ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಪಿಎಚ್‌ಡಿ ಮಾಡಿದ್ದು ಗಣಿತದಲ್ಲಿ. 1956ರಲ್ಲಿ ಐಬಿಎಂ ಸೇರಿದವರು 1992ರವರೆಗೂ ಅಲ್ಲೇ ಇದ್ದರು.

ಅಲ್ಲಿ ಫ್ರಾನ್ ಆಲನ್ ಅವರ ಜೊತೆ ಕಂಪೈಲರ್ ಆಪ್ಟಿಮೈಸೇಶನ್‌ಗೆ ಅಡಿಪಾಯ ಹಾಕಿದರು. ಪ್ರೋಗ್ರಾಮಿನಲ್ಲಿ ಒಂದೇ ಲೆಕ್ಕ ಎರಡು ಸಲ ಇದ್ದರೆ ಅಂಥ ಕಂಪೈಲರ್ ಒಂದೇ ಸಲ ಮಾಡಿಸುತ್ತೆ. ಪದೇ ಪದೇ ಬೇಕಾಗೋ ಸಂಖ್ಯೆಯನ್ನು ರಿಜಿಸ್ಟರಿನಲ್ಲೇ ಇಟ್ಟುಕೊಳ್ಳುತ್ತೆ. ಪ್ರತಿ ಲೋಟ ನೀರಿಗೂ ಬಾವಿಗೆ ಹೋಗದೆ ಅಡುಗೆಮನೆಯಲ್ಲಿ ಕೊಡ ತುಂಬಿಸಿಟ್ಟ ಹಾಗೆ. ಮೆಮೊರಿಗೆ ಹೋಗಿ ಬರೋದಕ್ಕೆ ಎಷ್ಟೋ ಪಟ್ಟು ಹೆಚ್ಚು ವಿದ್ಯುತ್ ಬೇಕು.

1970ರ ದಶಕದ ಮಧ್ಯದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿಗೆ ಕಂಪ್ಯೂಟರ್ ಮಾಡುವ ಕೆಲಸ ಬಂತು. ಆ ಯೋಜನೆ ನಿಂತುಹೋಯಿತು, ಯೋಚನೆ ನಿಲ್ಲಲಿಲ್ಲ. ಪ್ರೊಸೆಸರಿನ ಕ್ಲಿಷ್ಟ ಸೂಚನೆಗಳನ್ನು ಪ್ರೋಗ್ರಾಮುಗಳು ಬಳಸೋದೇ ಅಪರೂಪ ಅಂತ ಕಾಕ್ ತಂಡ ಕಂಡುಕೊಂಡಿತ್ತು. ಹಾಗಾದ್ರೆ ಚಿಪ್ಪಿನಲ್ಲಿ ಸರಳ ಸೂಚನೆಗಳಷ್ಟೇ ಸಾಕು, ಅವನ್ನು ಜೋಡಿಸೋ ಕೆಲಸ ಕಂಪೈಲರ್‌ದು. ಹೀಗೆ ಹುಟ್ಟಿದ್ದು ಐಬಿಎಂ 801. ಈ ದಾರಿಗೆ ಮುಂದೆ ರಿಸ್ಕ್ ಅನ್ನೋ ಹೆಸರು ಬಂತು.

ಕಾಕ್‌ಗೆ ಬೇಕಿದ್ದದ್ದು ವೇಗ. ಆದರೆ ಚಿಪ್ ಸರಳವಾದರೆ ಟ್ರಾನ್ಸಿಸ್ಟರೂ ಕಡಿಮೆ, ಕರೆಂಟೂ ಕಡಿಮೆ. 1985ರಲ್ಲಿ ಇಂಗ್ಲೆಂಡಿನ ಏಕಾರ್ನ್ ಕಂಪನಿ ಇದೇ ದಾರಿಯಲ್ಲಿ ಮಾಡಿದ ಮೊದಲ ಆರ್ಮ್ ಚಿಪ್ಪಿನಲ್ಲಿದ್ದದ್ದು ಸುಮಾರು 25,000 ಟ್ರಾನ್ಸಿಸ್ಟರ್ ಅಷ್ಟೆ. ಅದರ ಸಂತತಿಯೇ ಇವತ್ತು ನಮ್ಮ ಮೊಬೈಲುಗಳಲ್ಲಿದೆ.

ಕಾಕ್ ಬರೆದದ್ದು ಕಡಿಮೆ. ಹೊಳೆದದ್ದನ್ನು ಸಹೋದ್ಯೋಗಿಗಳಿಗೆ ಹೇಳಿಬಿಡೋದೇ ಅವರ ಅಭ್ಯಾಸ. 1987ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 2002ರಲ್ಲಿ ತೀರಿಕೊಂಡರು.

ಲ್ಯಾಬಿನಲ್ಲಿ ಔಟ್‌ಪುಟ್ ಬಂದರೆ ಸಾಕು ಅಂತಿದ್ದೆವು. ಈಗ ಲೂಪಿನೊಳಗೆ ಬೇಡದ ಕೆಲಸ ಎಷ್ಟಿದೆ ಅಂತಾನೂ ನೋಡ್ತೀವಿ. ನಮ್ಮಲ್ಲಿ ಜಗಳೂರಿನವನಿಗೆ ಮಾತ್ರ ಇದೇನೂ ಹೊಸದಲ್ಲ. ಅವರ ಮನೆಯಲ್ಲಿ ಬೋರ್‌ವೆಲ್ ನೀರನ್ನು ಗಿಡದ ಬುಡಕ್ಕಷ್ಟೇ, ಡ್ರಿಪ್ಪಿನಲ್ಲಿ ಬಿಡ್ತಾರೆ.