ವಾನ್ಟ್ ಹಾಫ್: ಕಲ್ಪನೆ ಮತ್ತು ಅಳತೆ

ಬೀದರಿನ ಗಾಂಧಿ ಗಂಜದಲ್ಲಿ ಬೆಲ್ಲದ ಪೆಂಟಿಗಳನ್ನು ಕಂಡಾಗಲೆಲ್ಲ ನನಗೆ ಡಚ್ಚರ ನಾಡಿನ ಒಬ್ಬ ರಸಾಯನ ವಿಜ್ಞಾನಿಯ ನೆನಪಾಗುತ್ತದೆ. ಕಡಿದ ಕಬ್ಬನ್ನು ತಡಮಾಡಿ ಗಾಣಕ್ಕೆ ಕೊಟ್ಟರೆ ಬೆಲ್ಲವು ಗಟ್ಟಿಯಾಗಿ ಕಟ್ಟುವುದಿಲ್ಲವೆಂಬುದು ನಮ್ಮ ರೈತರು ಬಲ್ಲ ಮಾತು. ಕಬ್ಬಿನ ಸಕ್ಕರೆಯು ಒಡೆದು ಗ್ಲೂಕೋಸ್, ಫ್ರಕ್ಟೋಸ್‌ಗಳಾಗುವುದು ಇದಕ್ಕೆ ಮುಖ್ಯ ಕಾರಣ. ಒಡೆಯುತ್ತದೆಂಬುದು ಅನುಭವದ ಅರಿವು; ಎಷ್ಟು ವೇಗದಿಂದ, ಯಾವ ನಿಯಮಕ್ಕೊಳಪಟ್ಟು ಎಂಬುದು ವಿಜ್ಞಾನದ ಪ್ರಶ್ನೆ. ಇಂಥ ಪ್ರಶ್ನೆಗಳಿಗೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಯಾಕೋಬಸ್ ಹೆನ್ರಿಕಸ್ ವಾನ್ಟ್ ಹಾಫ್ ಅಗ್ರಗಣ್ಯನು.

ಆತನು 1852ರ ಆಗಸ್ಟ್ 30ರಂದು ರಾಟರ್‌ಡ್ಯಾಮಿನಲ್ಲಿ ವೈದ್ಯರೊಬ್ಬರ ಮಗನಾಗಿ ಹುಟ್ಟಿದನು. ಬೈರನ್ ಕವಿ ಆತನಿಗೆ ಅಚ್ಚುಮೆಚ್ಚು. 1874ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಇಂಗಾಲದ ಪರಮಾಣುವಿನ ನಾಲ್ಕು ಬಂಧಗಳು ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚಿರುವುವೆಂದು ಕಿರುಹೊತ್ತಗೆಯೊಂದರಲ್ಲಿ ಸಾರಿದನು. ಜರ್ಮನಿಯ ಹಿರಿಯ ವಿಜ್ಞಾನಿ ಹರ್ಮನ್ ಕೋಲ್ಬೆ 1877ರಲ್ಲಿ ಇದನ್ನು ಕಟುವಾಗಿ ಹಂಗಿಸಿದನು. ಯೂಟ್ರೆಕ್ಟಿನ ಪಶುವೈದ್ಯ ಶಾಲೆಯ ಉಪಾಧ್ಯಾಯನು ರೆಕ್ಕೆಯ ಕುದುರೆಯನ್ನೇರಿ ಹಾರಿ ಪರಮಾಣುಗಳನ್ನು ಕಂಡು ಬಂದನೆಂಬುದು ಆ ಪರಿಹಾಸದ ತಿರುಳು. ಮರುವರ್ಷ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಾಧ್ಯಾಪಕನಾದಾಗ ವಾನ್ಟ್ ಹಾಫ್ ತನ್ನ ಮೊದಲ ಉಪನ್ಯಾಸಕ್ಕೆ ವಿಜ್ಞಾನದಲ್ಲಿ ಕಲ್ಪನೆಯ ಪಾತ್ರವನ್ನೇ ವಿಷಯವಾಗಿ ಆರಿಸಿಕೊಂಡನು. ಲೆಕ್ಕಕ್ಕೆ ಹೆದರಿ ಕಾವ್ಯದ ಆಶ್ರಯಕ್ಕೆ ಬಂದ ನನಗೆ ಆತನು ಆಪ್ತನಾದುದು ಇಲ್ಲಿ.

ಆದರೆ ಆತನ ನಿಜವಾದ ಉತ್ತರ 1884ರ ರಾಸಾಯನಿಕ ಚಲನಶಾಸ್ತ್ರದ ಗ್ರಂಥದಲ್ಲಿದೆ. ಆಮ್ಲ ಬೆರೆಸಿದ ಸಕ್ಕರೆಯ ನೀರಿನಲ್ಲಿ, ಉಳಿದ ಸಕ್ಕರೆ ಅರ್ಧವಾದರೆ ಒಡೆಯುವ ವೇಗವೂ ಅರ್ಧವಾಗುವುದೆಂದು ವಿಲ್‌ಹೆಲ್ಮಿಯು 1850ರಲ್ಲಿಯೇ ಬೆಳಕಿನ ಸಹಾಯದಿಂದ ಅಳೆದು ತೋರಿಸಿದ್ದನು. ಇದು ಮೊದಲ ದರ್ಜೆಯ ಕ್ರಿಯೆ. ಸಾಂದ್ರತೆ ಇಮ್ಮಡಿಯಾದಾಗ ವೇಗವು ನಾಲ್ಮಡಿಯಾದರೆ ಅದು ಎರಡನೆಯ ದರ್ಜೆ. ಬೇರೆಬೇರೆ ಸಾಂದ್ರತೆಗಳಲ್ಲಿ ವೇಗವನ್ನಳೆದು, ಎರಡರ ಲಾಗರಿದಮ್‌ಗಳನ್ನೂ ನಕ್ಷೆಯ ಮೇಲೆ ಗುರುತಿಸಿದರೆ, ಮೂಡುವ ರೇಖೆಯ ಇಳಿಜಾರೇ ಕ್ರಿಯೆಯ ದರ್ಜೆಯನ್ನು ಹೇಳುವುದೆಂಬ ಉಪಾಯವನ್ನು ವಾನ್ಟ್ ಹಾಫ್ ಕೊಟ್ಟನು.

ಹಾಗಾದರೆ ಸಮೀಕರಣವನ್ನು ನೋಡಿಯೇ ದರ್ಜೆ ಹೇಳಬಾರದೇಕೆ? ಆರ್ಸೀನ್ ಅನಿಲವು ಕಾಯಿಸಿದಾಗ ಒಡೆಯುವುದನ್ನು ಬರೆಯುವ ಸಮೀಕರಣದಲ್ಲಿ ನಾಲ್ಕು ಅಣುಗಳಿವೆ. ದರ್ಜೆಯೂ ನಾಲ್ಕೆಂದು ಯಾರಿಗಾದರೂ ತೋರೀತು. ಪ್ರಯೋಗವು ಕೊಟ್ಟ ಉತ್ತರ ಒಂದು. ಕಾಗದದ ಮೇಲಿನ ಸಮೀಕರಣವು ಆದಿಯನ್ನೂ ಅಂತ್ಯವನ್ನೂ ಮಾತ್ರ ಬಲ್ಲದು. ನಡುವಣ ದಾರಿಯ ಸುಳಿವನ್ನು ಅಳತೆಯಿಂದಲೇ ಪಡೆಯಬೇಕು. ಬರಿಯ ಕಲ್ಪನೆಯವನೆಂದು ಹಂಗಿಸಿಕೊಂಡವನೇ ಈ ಕಟ್ಟುನಿಟ್ಟಿನ ಪಾಠ ಹೇಳಿದನು. ಗ್ರಂಥ ಹೊರಬಂದ ವರ್ಷವೇ ಕೋಲ್ಬೆ ತೀರಿಕೊಂಡನು.

1896ರಲ್ಲಿ ವಾನ್ಟ್ ಹಾಫ್ ಬರ್ಲಿನ್ನಿಗೆ ಹೋದನು. 1901ರಲ್ಲಿ ರಸಾಯನ ವಿಜ್ಞಾನದ ಮೊತ್ತಮೊದಲ ನೊಬೆಲ್ ಬಹುಮಾನವು ಚಲನಶಾಸ್ತ್ರದ ನಿಯಮಗಳಿಗಾಗಿ ಮತ್ತು ದ್ರಾವಣಗಳ ಅಭಿಸರಣ ಒತ್ತಡದ ಶೋಧಕ್ಕಾಗಿ ಆತನಿಗೆ ಸಂದಿತು. ಕ್ಷಯಕ್ಕೆ ತುತ್ತಾಗಿ 1911ರ ಮಾರ್ಚ್ 1ರಂದು ಆತನು ಕಣ್ಮುಚ್ಚಿದನು.

ಗಂಜದಲ್ಲಿ ಯಾವ ಚೀಲದ ತೂಕವನ್ನೂ ಬರಿಯ ಮಾತಿನಿಂದ ಒಪ್ಪುವುದಿಲ್ಲ. ಕಾವ್ಯದ ಅರ್ಥವನ್ನು ಊಹಿಸಿ ಹೇಳುವ ನನ್ನ ವಿದ್ಯಾರ್ಥಿಗಳಿಗೆ ನಾನು ಈಗ ಹೇಳುವುದಿಷ್ಟೆ: ಊಹಿಸಿರಿ, ಧೈರ್ಯವಾಗಿ ಊಹಿಸಿರಿ, ಆಮೇಲೆ ಆ ಊಹೆಯನ್ನು ತಕ್ಕಡಿಯಲ್ಲಿಡಲು ಹಿಂಜರಿಯಬೇಡಿರಿ.