ರಿಚರ್ಡ್ ಶೋಪ್

1918ರಲ್ಲಿ ಇನ್‌ಫ್ಲುಯೆಂಜಾ ಜ್ವರವು ಜಗತ್ತನ್ನೆಲ್ಲ ಆವರಿಸಿತು. ಭಾರತವೊಂದರಲ್ಲಿಯೇ ಒಂದು ಕೋಟಿಗೂ ಮಿಕ್ಕಿದ ಜನರು ಅದಕ್ಕೆ ಬಲಿಯಾದರು. ಅದೇ ವರ್ಷ ಅಮೆರಿಕದ ಅಯೋವಾ ರಾಜ್ಯದ ಹಂದಿಗಳಲ್ಲಿಯೂ ಜ್ವರ, ಕೆಮ್ಮು, ಏದುಸಿರು ಕಾಣಿಸಿಕೊಂಡವು. ಕೋಯನ್ ಎಂಬ ಪಶುವೈದ್ಯರು ಇದು ಮನುಷ್ಯರನ್ನು ಕಾಡುತ್ತಿರುವ ಜ್ವರವೇ ಎಂದು ಸಾರಿದರು. ಮಾಂಸದ ವ್ಯಾಪಾರ ಕೆಡುವುದೆಂದು ಹಂದಿ ಸಾಕುವವರು ಅವರ ಮೇಲೆ ಮುನಿದರು. ಕೋಯನ್ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಆದರೆ ಅದಕ್ಕೆ ಪ್ರಯೋಗದ ಆಧಾರವಿರಲಿಲ್ಲ. ಆ ಆಧಾರವನ್ನು ಒದಗಿಸಿದವರು ರಿಚರ್ಡ್ ಶೋಪ್.

ಶೋಪ್ 1901ರ ಡಿಸೆಂಬರ್ 25ರಂದು ಅಯೋವಾದ ಡಿಮಾಯ್ನ್ ನಗರದಲ್ಲಿ ಜನಿಸಿದರು. ತಂದೆ ವೈದ್ಯರು. ಮಗನಿಗೆ ಅರಣ್ಯಶಾಸ್ತ್ರದಲ್ಲಿ ಒಲವು. ಕಾಲೇಜಿಗೆ ಸೇರಲು ಹೋದಾಗ ಕಚೇರಿಯ ಬಾಗಿಲು ಮುಚ್ಚಿದ್ದಿತು; ಹೀಗಾಗಿ ಅವರು ವೈದ್ಯಶಿಕ್ಷಣದ ಕಡೆಗೆ ತಿರುಗಿದರು. 1924ರಲ್ಲಿ ವೈದ್ಯಪದವಿ ಪಡೆದು, ಮರುವರ್ಷ ಪ್ರಿನ್ಸ್‌ಟನ್ನಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಪಾಲ್ ಲೂಯಿಸ್ ಎಂಬ ವಿಜ್ಞಾನಿಯ ಕೈಕೆಳಗೆ ಕೆಲಸಕ್ಕೆ ನಿಂತರು.

ಅಯೋವಾದ ಹಂದಿಗಳಿಗೆ ಶರತ್ಕಾಲದಲ್ಲಿ ಆ ಜ್ವರ ಮತ್ತೆ ಮತ್ತೆ ಬರುತ್ತಿದ್ದಿತು. ಗುರುಶಿಷ್ಯರು ರೋಗಗ್ರಸ್ತ ಹಂದಿಗಳಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿದರು. 1929ರಲ್ಲಿ ಲೂಯಿಸರು ಬ್ರೆಜಿಲ್ ದೇಶದಲ್ಲಿ ಹಳದಿ ಜ್ವರದ ಸಂಶೋಧನೆಯಲ್ಲಿ ತೊಡಗಿದ್ದಾಗ ಅದೇ ಜ್ವರದಿಂದ ಮಡಿದರು. ಶೋಪ್ ಎದೆಗುಂದದೆ ಕಾರ್ಯವನ್ನು ಮುಂದುವರಿಸಿದರು. ರೋಗದ ಹಂದಿಗಳಿಂದ ತೆಗೆದ ದ್ರವವನ್ನು ಬ್ಯಾಕ್ಟೀರಿಯಗಳು ದಾಟಲಾರದ ಸೂಕ್ಷ್ಮ ಶೋಧಕದಲ್ಲಿ ಸೋಸಿ, ಆರೋಗ್ಯವಂತ ಹಂದಿಗಳ ಮೂಗಿಗೆ ಹಾಕಿದರು. ಅವುಗಳಿಗೆ ಸೌಮ್ಯವಾದ ಜ್ವರ ಬಂದಿತು. ಬ್ಯಾಕ್ಟೀರಿಯವೊಂದನ್ನೇ ಕೊಟ್ಟಾಗ ರೋಗ ಬರಲಿಲ್ಲ. ಎರಡನ್ನೂ ಕೂಡಿಸಿ ಕೊಟ್ಟಾಗ ರೋಗ ಉಗ್ರವಾಯಿತು. ಮೂಲ ಕಾರಣ ವೈರಾಣುವೆಂದು ಅವರು 1931ರಲ್ಲಿ ಪ್ರಕಟಿಸಿದರು.

1933ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಮನುಷ್ಯರ ಇನ್‌ಫ್ಲುಯೆಂಜಾ ವೈರಾಣುವನ್ನು ಬೇರ್ಪಡಿಸಿದರು. ಬಳಿಕ ಶೋಪ್ ಜನರ ರಕ್ತವನ್ನು ಪರೀಕ್ಷಿಸಿದರು. ವಯಸ್ಕರ ರಕ್ತವು ಹಂದಿಯ ವೈರಾಣುವನ್ನು ನಿಷ್ಕ್ರಿಯಗೊಳಿಸಿತು. ಎಳೆಯ ಮಕ್ಕಳ ರಕ್ತಕ್ಕೆ ಆ ಶಕ್ತಿಯಿರಲಿಲ್ಲ. 1918ರ ಜ್ವರದ ಸಂತತಿಯೇ ಹಂದಿಗಳಲ್ಲಿ ಉಳಿದಿದೆಯೆಂಬ ಊಹೆಗೆ ಇದರಿಂದ ಬಲ ಬಂದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ದನಗಳ ದೊಡ್ಡರೋಗಕ್ಕೆ ಲಸಿಕೆ ತಯಾರಿಸುವ ಕಾರ್ಯವನ್ನು ಮುನ್ನಡೆಸಿದರು. 1966ರ ಅಕ್ಟೋಬರ್ 2ರಂದು ತೀರಿಕೊಂಡರು.

ಶೋಪರ ಕಾರ್ಯದ ಬೆಲೆ 2009ರಲ್ಲಿ ಮತ್ತೊಮ್ಮೆ ಅರಿವಾಯಿತು. ಆ ವರ್ಷ ಜಗತ್ತಿಗೆ ಹರಡಿದ ಎಚ್1ಎನ್1 ವೈರಾಣುವಿನ ಕೆಲವು ಅಂಶಗಳು ಅವರು ಗುರುತಿಸಿದ ಹಂದಿ ವೈರಾಣುವಿನ ವಂಶದಿಂದಲೇ ಬಂದವು. ವೈರಾಣುವಿನ ಹೊರಮೈಯಲ್ಲಿರುವ ಎರಡು ಬಗೆಯ ಪ್ರೋಟೀನುಗಳನ್ನು ನೋಡಿ ಅದರ ಉಪಜಾತಿಯನ್ನು ಹೆಸರಿಸುತ್ತಾರೆ. ಹಂದಿಗಳಲ್ಲಿ ಎಚ್1ಎನ್1, ಎಚ್1ಎನ್2, ಎಚ್3ಎನ್2 ಎಂಬವು ಮುಖ್ಯವಾದವು. ಒಂದೇ ಹಂದಿಯ ದೇಹವನ್ನು ಎರಡು ವೈರಾಣುಗಳು ಹೊಕ್ಕರೆ, ಅವು ತಮ್ಮ ಅಂಶಗಳನ್ನು ಅದಲುಬದಲು ಮಾಡಿಕೊಂಡು ಹೊಸದೊಂದು ಹುಟ್ಟಬಹುದು. ಆದುದರಿಂದಲೇ ಹಂದಿಗಳ ಮೂಗಿನ ದ್ರವವನ್ನು ಆಗಾಗ ಪರೀಕ್ಷಿಸಿ, ಯಾವ ಉಪಜಾತಿ ಸುಳಿದಾಡುತ್ತಿದೆಯೆಂದು ತಿಳಿಯುವುದು ಅವಶ್ಯಕ.

ಈ ಎಚ್ಚರ ದೂರದ ಅಯೋವಾಕ್ಕೆ ಮಾತ್ರ ಸಲ್ಲುವುದಲ್ಲ. ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಹಂದಿ ಸಾಕುವವರಿಗೂ ಅದು ಸಲ್ಲುತ್ತದೆ. ಚೆನ್ನಾಗಿ ಬೇಯಿಸಿದ ಮಾಂಸದಿಂದ ಈ ಜ್ವರ ಹರಡುವುದಿಲ್ಲ. ಹಂದಿ ಕೆಮ್ಮಿ ಮೇವು ಬಿಟ್ಟಾಗ, ನಷ್ಟಕ್ಕೆ ಅಂಜಿ ಮರೆಮಾಚದೆ ಪಶುವೈದ್ಯರಿಗೆ ತಿಳಿಸುವುದೇ ವಿವೇಕ. ರೋಗವನ್ನು ಬಚ್ಚಿಟ್ಟವನ ದೊಡ್ಡಿಯೂ ಉಳಿಯದು, ನೆರೆಯವನ ಮನೆಯೂ ಉಳಿಯದು.